ಮೋಡ ಕವಿದಾಗ ಗುಡ್ಡ-ಕೆರೆಯ ಫೋಟೋ ತೆಗೆಯುವುದು ಹೇಗೆ?

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯವನ್ನು ಏಪ್ರಿಲ್ ಮಧ್ಯಾಹ್ನ ನೋಡಿದವರಿಗೆ ಸುತ್ತಲಿನ ಗುಡ್ಡಗಳು ಅಷ್ಟೇನೂ ಎತ್ತರ ಅನ್ನಿಸುವುದಿಲ್ಲ. ಸೆಪ್ಟೆಂಬರಿನ ಕರಿಮೋಡ ಅದೇ ಗುಡ್ಡಗಳ ನೆತ್ತಿಗೆ ಇಳಿದಾಗ ಕಾಡಿನ ಹಸಿರು ಗಾಢವಾಗುತ್ತದೆ, ನೀರು ಸೀಸದ ಬಣ್ಣಕ್ಕೆ ತಿರುಗುತ್ತದೆ, ಗುಡ್ಡಕ್ಕೆ ಇಲ್ಲದ ಎತ್ತರ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಗುಡ್ಡ-ಕೆರೆಗಳ ಒಳ್ಳೆಯ ಫೋಟೋ ಬೇಕಿದ್ದರೆ ಕೆಟ್ಟ ಹವೆಯಲ್ಲೇ ಹೊರಡಬೇಕು. ಅದಕ್ಕೆ ತಕ್ಕ ತಯಾರಿ ಇಲ್ಲಿದೆ.

ಯಾವಾಗ, ಎಲ್ಲಿ

ಜೂನ್-ಜುಲೈನಲ್ಲಿ ಪಶ್ಚಿಮದ ಗಾಳಿ ಜೋರು. ಮೋಡ ಕೆಳಗಿದ್ದು ಬೇಗ ಬೇಗ ಓಡುತ್ತದೆ, ಮಳೆ ಜಿಟಿಜಿಟಿ. ಆಗ ಜಲಾಶಯಗಳಲ್ಲಿ ನೀರೂ ಕಡಿಮೆ; ದಡದುದ್ದಕ್ಕೂ ಬೋಳು ಮಣ್ಣಿನ ಪಟ್ಟಿ ಎದ್ದು ಕಂಡು ಚಿತ್ರ ಕೆಡಿಸುತ್ತದೆ. ಹುಬ್ಬಾ, ಉತ್ತರಾ ಮಳೆಗಳ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, ಮಳೆ ಕೈಕೊಡದ ವರ್ಷ ನೀರು ಮರಗಳ ಬುಡದವರೆಗೆ ಬಂದಿರುತ್ತದೆ. ಮಧ್ಯಾಹ್ನ ಕಾದ ನೆಲದಿಂದ ಎದ್ದ ಗುಡುಗು ಮೋಡ ಸಂಜೆ ಕಟ್ಟುತ್ತದೆ. ನಾಟಕೀಯ ಬೆಳಕು ಸಿಗುವುದು ಈ ತಿಂಗಳಲ್ಲೇ ಹೆಚ್ಚು.

ಗುಡ್ಡ, ಕಾಡು, ನೀರು ಮೂರೂ ಒಟ್ಟಿಗೆ ಬೇಕೆಂದರೆ ಚಂದ್ರಂಪಳ್ಳಿ. ಬಂಡೆಗಲ್ಲಿನ ಆಕಾರಗಳು ಬೇಕೆಂದರೆ ಯಾದಗಿರಿ ಜಿಲ್ಲೆಯ ಶಹಾಪುರ. ಅಲ್ಲಿಯ ಮಲಗಿದ ಬುದ್ಧನ ಆಕಾರದ ಬೆಟ್ಟ ಮೋಡದ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಬೀದರ್‌ನ ಕಾರಂಜಾ ಹಿನ್ನೀರಿನಲ್ಲಿ ಹೇಳಿಕೊಳ್ಳುವಂಥ ಗುಡ್ಡ ಇಲ್ಲ, ಆದರೆ ತೆರೆದ ದಿಗಂತ ಇದೆ. ಅಲ್ಲಿ ಮೋಡವೇ ಬೆಟ್ಟ ಎಂದುಕೊಂಡು ಚೌಕಟ್ಟಿನ ಮೂರರಲ್ಲಿ ಎರಡು ಪಾಲನ್ನು ಆಕಾಶಕ್ಕೆ ಬಿಟ್ಟುಕೊಡಿ.

ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿಧಾಮ. ಒಳಗೆ ಹೋಗಲು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ; ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ಜಲಾಶಯ ತುಂಬಿದ್ದರೆ ಗೇಟಿನ ಕೆಳಭಾಗದ ಹಳ್ಳಕ್ಕೆ ಎಂಥ ಚೆಂದದ ಚಿತ್ರಕ್ಕಾಗಿಯೂ ಇಳಿಯಬಾರದು.

ಮೊದಲು ಸಿಡಿಲಿನ ಲೆಕ್ಕ

ಈ ಭಾಗದಲ್ಲಿ ಬಯಲಿನಲ್ಲಿ ನಿಂತವರಿಗೆ ಸಿಡಿಲು ಬಡಿಯುವುದು ಪ್ರತಿ ವರ್ಷದ ಸುದ್ದಿ. ಕೆರೆಯ ಏರಿಯ ಮೇಲೆ ಟ್ರೈಪಾಡ್ ನಿಲ್ಲಿಸಿದವರು ಸುತ್ತಲಿನ ನೆಲಕ್ಕೆಲ್ಲ ಎತ್ತರದಲ್ಲಿರುತ್ತಾರೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಎಣಿಕೆ 30ಕ್ಕಿಂತ ಕಡಿಮೆಯಾದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ: ಕ್ಯಾಮೆರಾ ಮಡಚಿ ಕಾರಿನೊಳಗೆ ಕೂರಬೇಕು. ಹುಣಸೆ ಮರದ ಕೆಳಗಲ್ಲ, ತಗಡಿನ ಶೆಡ್ಡಿನಲ್ಲೂ ಅಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಬನ್ನಿ. ದಾಮಿನಿ ಆ್ಯಪ್ ಹತ್ತಿರದ ಸಿಡಿಲುಗಳನ್ನು ತೋರಿಸುತ್ತದೆ, ಆದರೆ ಕಾಡಿನ ಬದಿಯಲ್ಲಿ ನೆಟ್‌ವರ್ಕ್ ಸಿಗದಿರಬಹುದು. ಎಣಿಕೆ ಮಾತ್ರ ಎಲ್ಲೆಡೆ ನಡೆಯುತ್ತದೆ.

ಚೀಲದಲ್ಲಿ ಏನಿರಬೇಕು

ಕ್ಯಾಮೆರಾ ಯಾವುದಾದರೂ ಸರಿ. ಜೊತೆಗೆ ಗಟ್ಟಿ ಟ್ರೈಪಾಡ್, ಲೆನ್ಸ್ ಹುಡ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ (ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿಡಿ, ಒಂದು ಒದ್ದೆಯಾದರೆ ಉಳಿದವು ಒಣಗಿರಬೇಕು), ಪೋಲರೈಸರ್ (ಹೊಳಪು ತೆಗೆಯುವ ಫಿಲ್ಟರ್), ಬೆಳಕು ತಗ್ಗಿಸುವ 3 ಮತ್ತು 6 ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಎರಡರಷ್ಟು ಆಗುವುದು), ಎರಡು ಬ್ಯಾಟರಿ. ದುಬಾರಿ ರೈನ್ ಕವರ್ ಬೇಕೇ ಬೇಕೆಂದಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲದ ತಳದಲ್ಲಿ ಲೆನ್ಸ್ ಹುಡ್‌ನಷ್ಟು ತೂತು ಮಾಡಿ, ಹುಡ್‌ನ ಸುತ್ತ ರಬ್ಬರ್ ಬ್ಯಾಂಡ್ ಬಿಗಿದರೆ ಸಾಕು. ಹಿಂಬದಿ ತೆರೆದೇ ಇರಲಿ, ಇಲ್ಲವಾದರೆ ಒಳಗೆ ಹಬೆ ಕೂರುತ್ತದೆ.

ಎರೆಮಣ್ಣನ್ನು ಹಗುರವಾಗಿ ಎಣಿಸಬೇಡಿ. ಎರಡು ಹದ ಮಳೆ ಬಿದ್ದರೆ ಬೈಕಿನ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಚಕ್ರವೇ ತಿರುಗುವುದಿಲ್ಲ. ಗಾಡಿಯನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ನಡೆದುಹೋಗಿ. ಟ್ರೈಪಾಡ್ ಕಾಲುಗಳೂ ಈ ಮಣ್ಣಿನಲ್ಲಿ ನಿಧಾನಕ್ಕೆ ಹೂಳುತ್ತಾ ಹೋಗುತ್ತವೆ. 2 ಸೆಕೆಂಡಿನ ಎಕ್ಸ್‌ಪೋಷರ್ ಸಾಕು, ಚಿತ್ರ ಮಸುಕಾಗಿರುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ಅಂಗೈ ಅಗಲದ ಮೂರು ಶಹಾಬಾದ್ ಫರಸಿ ತುಂಡುಗಳನ್ನು ಗಾಡಿಯಲ್ಲಿ ಇಟ್ಟುಕೊಂಡಿದ್ದು ಕಾಲಿಗೊಂದರಂತೆ ಹಾಸಿ.

ಗಾಳಿಗೆ ಟ್ರೈಪಾಡ್ ನಡುವಿನ ಕಂಬ ಎತ್ತಬೇಡಿ, ಕಾಲು ಅಗಲಿಸಿ ತಗ್ಗಿಸಿ. ಚೀಲವನ್ನು ಕೊಂಡಿಗೆ ತೂಗುಹಾಕುವುದಾದರೆ ಅದರ ತಳ ನೆಲ ಮುಟ್ಟುವಂತಿರಲಿ. ಗಾಳಿಯಲ್ಲಿ ತೂಗಾಡುವ ಚೀಲ ತಾನೇ ಕ್ಯಾಮೆರಾವನ್ನು ಅಲುಗಿಸುತ್ತದೆ. ಪಟಪಟ ಹೊಡೆದುಕೊಳ್ಳುವ ಕ್ಯಾಮೆರಾ ಪಟ್ಟಿಯನ್ನೂ ಬಿಚ್ಚಿಡಿ.

ಉದ್ದದ ಲೆನ್ಸ್ ಮೊದಲು

ನಿಸರ್ಗ ಚಿತ್ರವೆಂದ ಕೂಡಲೇ ಹೆಚ್ಚು ಅಗಲ ಹಿಡಿಯುವ 16-35 ಮಿ.ಮೀ. ಲೆನ್ಸ್ ಹಾಕುವ ರೂಢಿ ಹಿಮಾಲಯಕ್ಕೆ ಸರಿ. ನಮ್ಮ ತಗ್ಗು ಗುಡ್ಡಗಳು ಆ ಲೆನ್ಸಿನಲ್ಲಿ ದಿಗಂತದ ಮೇಲಿನ ಗೆರೆಯಾಗಿಬಿಡುತ್ತವೆ. ಇಲ್ಲಿ ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಲೆನ್ಸೇ ಮುಖ್ಯ. ಆಚೆ ದಡಕ್ಕೆ ಹೋಗಿ, ನೀರಿನ ಅಗಲವನ್ನೆಲ್ಲ ನಡುವೆ ಬಿಟ್ಟುಕೊಂಡು 100-150 ಮಿ.ಮೀ.ನಲ್ಲಿ ನೋಡಿ: ಗುಡ್ಡ, ಅದರ ಹಿಂದಿನ ಮಳೆಯ ಪರದೆ, ಮೇಲಿನ ಮೋಡ ಒಂದರ ಮೇಲೊಂದು ಒತ್ತಿ ನಿಲ್ಲುತ್ತವೆ. ಪ್ರಮಾಣ ತಿಳಿಯಲು ಒಂದು ದೋಣಿ, ದಡದ ಒಂಟಿ ಮರ ಅಥವಾ ಮೇಯುವ ಎಮ್ಮೆ ಚೌಕಟ್ಟಿನಲ್ಲಿರಲಿ.

ಅಗಲ ಲೆನ್ಸ್ ಬೇಕಾಗುವುದು ಕಾಲಬುಡದ ಬಂಡೆ, ಅಲೆ, ಆಪು ಹುಲ್ಲು ಚೆನ್ನಾಗಿದ್ದಾಗ. ಆಗ ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಇಳಿಸಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ದೊಡ್ಡ ಸೆನ್ಸರಿನದು) 20 ಮಿ.ಮೀ., ಎಫ್ 11 (ಲೆನ್ಸಿನೊಳಗಿನ ಬೆಳಕಿನ ಕಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು) ಇಟ್ಟು 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಚೊಕ್ಕವಾಗಿ ಬರುತ್ತದೆ. ಎಫ್ 16 ದಾಟಬೇಡಿ. ಬೆಳಕು ಚದುರಿ ಒಟ್ಟು ಚಿತ್ರವೇ ಮೆತ್ತಗಾಗುತ್ತದೆ, ಲೆನ್ಸಿನ ಮೇಲಿನ ಹನಿಗಳೂ ಹೆಚ್ಚು ಎದ್ದು ಕಾಣುತ್ತವೆ.

ಮಳೆ ಬರುವ ಮುಂಚಿನ ಗಳಿಗೆ

ಹೆಚ್ಚಿನವರು ಮಳೆ ಶುರುವಾದ ಮೇಲೆ ಕ್ಯಾಮೆರಾ ತೆಗೆಯುತ್ತಾರೆ, ಅಷ್ಟರಲ್ಲಿ ಎಲ್ಲ ಬೂದು. ಚಿತ್ರ ಇರುವುದು ಮಳೆಗೆ ಮುಂಚಿನ ಹತ್ತು-ಹದಿನೈದು ನಿಮಿಷಗಳಲ್ಲಿ, ಮತ್ತೆ ಅದು ಹರಿದುಹೋಗುವಾಗ. ಗಮನವನ್ನು ನೀರಿನ ಮೇಲಿಡಿ. ಮೋಡದಿಂದ ಕೆಳಗೆ ನುಗ್ಗಿದ ತಂಪು ಗಾಳಿ ಮಳೆಗಿಂತ ಮುಂದೆ ಬರುತ್ತದೆ. ಅದು ಮುಟ್ಟಿದಲ್ಲಿ ನುಣುಪಾಗಿದ್ದ ನೀರು ತರಿತರಿಯಾಗಿ, ಆಚೆ ದಡದಿಂದ ಕಪ್ಪು ಪಟ್ಟಿಯೊಂದು ನಿಮ್ಮ ಕಡೆ ಸರಿದು ಬರುತ್ತದೆ. ಪಟ್ಟಿಯ ಈಚೆ ಗುಡ್ಡದ ಪ್ರತಿಬಿಂಬ ಇನ್ನೂ ನೀರಿನಲ್ಲಿ ನಿಂತಿರುತ್ತದೆ, ಆಚೆ ಅಳಿಸಿಹೋಗಿರುತ್ತದೆ. ಆ ಗೆರೆ ಚೌಕಟ್ಟಿನ ನಡುವೆ ಇರುವಾಗ ಒತ್ತಿ. ಆಮೇಲೆ ಉಳಿಯುವುದು ಕೆಲವೇ ನಿಮಿಷ.

ಎಕ್ಸ್‌ಪೋಷರ್ ಹೀಗಿರಲಿ: ಮ್ಯಾನ್ಯುಯಲ್ ಮೋಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ), ಎಫ್ 8 ಅಥವಾ 11, ಟ್ರೈಪಾಡ್ ಮೇಲೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಕೈಯಲ್ಲಾದರೆ 800ರಿಂದ 1600. ಮೋಡದ ನಡುವೆ ಬಿಸಿಲು ಸೀಳಿದ ಜಾಗವೊಂದು ಇದ್ದೇ ಇರುತ್ತದೆ. ಹಿಸ್ಟೋಗ್ರಾಂ (ಪರದೆಯಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲಗೋಡೆಗೆ ಒತ್ತದಂತೆ ಆ ಜಾಗವನ್ನು ಕಾಪಾಡಿ, ಗುಡ್ಡ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ. ಇಡೀ ಆಕಾಶ ಒಂದೇ ಬೂದಿ ಬಣ್ಣವಾಗಿದ್ದರೆ ಇದಕ್ಕೆ ತದ್ವಿರುದ್ಧ: ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ನಡುಬಣ್ಣಕ್ಕೆ ಎಳೆದು ಚಿತ್ರ ಮಂಕಾಗಿಸುತ್ತದೆ, ಆಗ ಅರ್ಧದಿಂದ ಮುಕ್ಕಾಲು ಸ್ಟಾಪ್ ಹೆಚ್ಚಿಸಿ. ಮೂರು-ನಾಲ್ಕು ಎಕ್ಸ್‌ಪೋಷರ್ ಬೆರೆಸುವ ಎಚ್‌ಡಿಆರ್ ಗಾಳಿಯಲ್ಲಿ ಕೈಕೊಡುತ್ತದೆ. ಎಲೆಗಳು ಪ್ರತಿ ಫ್ರೇಮಿನಲ್ಲೂ ಬೇರೆ ಜಾಗದಲ್ಲಿರುವುದರಿಂದ ಅಂಚುಗಳು ಎರಡೆರಡು ಕಾಣುತ್ತವೆ. ಆಕಾಶಕ್ಕೊಂದು, ನೆಲಕ್ಕೊಂದು ಎಂದು ಎರಡೇ ಫ್ರೇಮ್ ಸಾಕು.

ನೀರಿಗೆ ಯಾವ ಶಟರ್ ಸ್ಪೀಡ್ ಎಂಬುದರಲ್ಲಿ ಅಭಿರುಚಿಯ ಪ್ರಶ್ನೆ ಇದೆ. 30 ಸೆಕೆಂಡ್ ಇಟ್ಟರೆ ನೀರು ಗಾಜಾಗಿ ಬಿರುಗಾಳಿಯ ಗುರುತೇ ಉಳಿಯುವುದಿಲ್ಲ. ಕಷ್ಟಪಟ್ಟು ಅಂಥ ಹವೆಯಲ್ಲಿ ಹೋಗಿ ಅದನ್ನೇ ಅಳಿಸುವುದು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಅಲೆಯ ಚೂಪು ಬೇಕಾದರೆ ಸೆಕೆಂಡಿನ 250ನೇ ಒಂದು ಭಾಗ, ಓಟ ಬೇಕಾದರೆ ಅರ್ಧದಿಂದ ಒಂದು ಸೆಕೆಂಡ್. ಫಿಲ್ಟರ್ ಇಲ್ಲದೆ 1/8 ಬರುತ್ತಿದ್ದರೆ 3 ಸ್ಟಾಪ್ ಎನ್‌ಡಿ ಅದನ್ನು 1 ಸೆಕೆಂಡಿಗೆ ತರುತ್ತದೆ. 6 ಸ್ಟಾಪ್‌ನದು 8 ಸೆಕೆಂಡಿಗೆ. ಬೀಳುವ ಮಳೆಯ ಗೆರೆಗಳು ಕಾಣಬೇಕೆಂದರೆ ಹಿಂದೆ ಕಪ್ಪು ಗುಡ್ಡ ಅಥವಾ ಮರ ಇರಬೇಕು, ವೇಗ 1/60ರ ಆಸುಪಾಸು. ಬಿಳಿ ಆಕಾಶದ ಮುಂದೆ ಮಳೆ ಕಾಣುವುದೇ ಇಲ್ಲ.

ಮಂಜು-ಮಳೆಯಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಗುಡ್ಡದ ಅಂಚು ಆಕಾಶಕ್ಕೆ ತಾಗುವ ಕಡೆ ಲೈವ್‌ವ್ಯೂ (ಪರದೆಯ ನೇರ ನೋಟ) ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿ, ಹಾಗೇ ಬಿಡಿ.

ಗಾಳಿಗೆ ಮುಖಮಾಡಿದರೆ ಲೆನ್ಸ್ ಮೇಲೆ ಹನಿ ತಪ್ಪಿದ್ದಲ್ಲ. ಪ್ರತಿ ಎರಡು-ಮೂರು ಫ್ರೇಮಿಗೆ ಪರದೆಯಲ್ಲಿ ಹಿಗ್ಗಿಸಿ ನೋಡಿ. ಹನಿ ಬಿದ್ದಿದ್ದರೆ ಮಸುಕು ಬಿಳಿ ಮಚ್ಚೆ ಕಾಣುತ್ತದೆ. ಮೊದಲು ಬಟ್ಟೆಯ ತುದಿಯಿಂದ ಹನಿ ಹೀರಿಸಿ, ನಂತರ ಒಣ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತಿಸಿ ಒರೆಸಿ. ಒಮ್ಮೆಲೇ ಉಜ್ಜಿದರೆ ನೀರು ಪದರವಾಗಿ ಹರಡುತ್ತದೆ.

ಮಳೆ ಹರಿದ ಮೇಲೆ

ಸಂಜೆ ಪಶ್ಚಿಮದಲ್ಲಿ ಮೋಡದ ಅಡಿಯಿಂದ ಸೂರ್ಯ ಇಣುಕಿದರೆ ಬೆನ್ನನ್ನು ಅದಕ್ಕೆ ತಿರುಗಿಸಿ ಪೂರ್ವಕ್ಕೆ ನೋಡಿ. ಕಪ್ಪು ಆಕಾಶದ ಎದುರು ಬಿಸಿಲು ಬಿದ್ದ ಗುಡ್ಡ, ಅದೃಷ್ಟವಿದ್ದರೆ ಕಾಮನಬಿಲ್ಲು. ಸೂರ್ಯ 42 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ನೆಲದ ಮೇಲೆ ನಿಂತವರಿಗೆ ಬಿಲ್ಲು ಕಾಣುವುದು. ಸೂರ್ಯ ಇಳಿದಷ್ಟೂ ಅದು ಏರುತ್ತದೆ. ಮುಳುಗುವ ಹೊತ್ತಿಗೆ ಪೂರ್ತಿ ಕಮಾನು ಹಿಡಿಯಲು ಫುಲ್‌ಫ್ರೇಮಿನಲ್ಲಿ 18 ಮಿ.ಮೀ. ಅಥವಾ ಅದಕ್ಕಿಂತ ಅಗಲ ಬೇಕು. ಪೋಲರೈಸರ್ ಒದ್ದೆ ಎಲೆ, ಬಂಡೆಗಳ ಹೊಳಪು ತೆಗೆದು ಬಣ್ಣ ತುಂಬುತ್ತದೆ, ಆದರೆ ಅದನ್ನು ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲೇ ಮಾಯವಾಗುತ್ತದೆ. ನಿಧಾನ ತಿರುಗಿಸುತ್ತಾ ಕಣ್ಣಿಟ್ಟು ನೋಡಿ.

ಮೊಬೈಲಿನಲ್ಲಿ ತೆಗೆಯುವವರು ಮೋಡದ ಹೊಳೆಯುವ ಭಾಗವನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಸ್ವಲ್ಪ ಕೆಳಗೆಳೆಯಿರಿ. ಒದ್ದೆ ಪರದೆ ಬೆರಳನ್ನು ಗುರುತಿಸದು. ವಾಲ್ಯೂಮ್ ಗುಂಡಿಯಿಂದ ಕ್ಲಿಕ್ ಮಾಡಿ.

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವಾಗ ಡೀಹೇಜ್ (ಮುಸುಕು ತೆಗೆಯುವ ಸ್ಲೈಡರ್) ಹತ್ತು-ಹದಿನೈದರ ಮೇಲೆ ಎಳೆಯಬೇಡಿ. ಮಳೆಯ ಮುಸುಕೇ ಗುಡ್ಡದ ಸಾಲುಗಳನ್ನು ದೂರ ದೂರ ನಿಲ್ಲಿಸುವುದು. ಅದನ್ನು ತೆಗೆದರೆ ಆಳವೂ ಹೋಗುತ್ತದೆ, ಗುಡ್ಡದ ಅಂಚಿಗೆ ಬಿಳಿ ಗೆರೆಯೂ ಬರುತ್ತದೆ.

ಮನೆಗೆ ಬಂದ ಕೂಡಲೇ ಬ್ಯಾಟರಿ, ಕಾರ್ಡ್ ತೆಗೆದು, ಮುಚ್ಚಳಗಳನ್ನು ತೆರೆದು ಫ್ಯಾನಿನ ಗಾಳಿಗಿಡಿ, ರಾತ್ರಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಹೇರ್ ಡ್ರೈಯರ್ ಬೇಡ, ಬಿಸಿಗಾಳಿ ತೇವವನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಅಕ್ಕಿಯ ಡಬ್ಬವೂ ಬೇಡ, ಅದರ ಪುಡಿ ಲೆನ್ಸಿನ ಸಂದಿಗೆ ಸೇರುತ್ತದೆ. ಟ್ರೈಪಾಡ್ ಕಾಲುಗಳನ್ನು ಅಂದೇ ಬಿಚ್ಚಿ ತೊಳೆಯಿರಿ: ಒಣಗಿದ ಎರೆಮಣ್ಣು ಲಾಕಿನೊಳಗೆ ಗಟ್ಟಿಯಾದರೆ ಮುಂದಿನ ಮಳೆಗೆ ಕಾಲು ಚಾಚಿಕೊಳ್ಳುವುದಿಲ್ಲ.