ಕೆರೆ ಗಾಳಕ್ಕೆ ಮುದ್ದೆ ಕಟ್ಟುವ ಮುನ್ನ

ಹೋದ ಭಾನುವಾರ ಕೆರೆ ಏರಿ ಮೇಲೆ ಒಬ್ಬ ಹುಡುಗ ಕೂತಿದ್ದ. ಹೊಸ ರಾಡು, ಹೊಳೆಯುವ ರೀಲು. ಒಂದು ಗಂಟೆ ನೀರಿನ ಮೇಲೆ ತೇಲುವ ಬೆಂಡನ್ನೇ ನೋಡುತ್ತಿದ್ದ. ಕೊನೆಗೆ ದಾರ ಎಳೆದರೆ ಗಾಳ ಬರಿದು. ಕಟ್ಟಿದ್ದ ಮೈದಾ ಉಂಡೆ ಬೀಸುವಾಗಲೇ ಹಾರಿಹೋಗಿತ್ತು. ಇಂಥವರನ್ನು ವಾರವಾರ ನೋಡುತ್ತೇನೆ. ದುಡ್ಡೆಲ್ಲ ರಾಡಿಗೆ ಸುರಿಯುತ್ತಾರೆ, ಎರೆ ಮಾತ್ರ ಹೇಗೋ ಕಲಸುತ್ತಾರೆ. ಮೀನು ಬಾಯಿ ಹಾಕುವುದು ಎರೆಗೆ ಅಲ್ವಾ?

ಮೊದಲು ಅನುಮತಿ. ಹೆಚ್ಚಿನ ಕೆರೆಗಳನ್ನು ಮೀನು ಸಾಕಲು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರನ್ನು ಕೇಳಿಯೇ ಕೂರಬೇಕು.

ರಾಡು ಏಳು ಅಡಿಯದು ಸಾಕು. ರೀಲು 3000 ಸೈಜಿನದು. ಸೆಟ್ ಜೊತೆ ಬರುವ ದಾರವನ್ನು ಮಾತ್ರ ನಂಬಬೇಡಿ. ಸುರುಳಿ ಸುತ್ತಿಕೊಂಡು ಬರುತ್ತದೆ, ಗಂಟಿನ ಹತ್ತಿರವೇ ತುಂಡಾಗುತ್ತದೆ. ಅದನ್ನು ಬಿಚ್ಚಿ, 0.28 ಅಥವಾ 0.30 ಮಿ.ಮೀ. ದಪ್ಪದ ತಂಗೂಸಿ, ಅಂದರೆ ನೈಲಾನ್ ದಾರ ಹಾಕಿ. ಇನ್ನೂ ದಪ್ಪ ಬೇಡ, ತಿಳಿನೀರಿನಲ್ಲಿ ಎದ್ದು ಕಾಣುತ್ತದೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಗಾಳದ ನಂಬರಿನಲ್ಲಿ ಎಲ್ಲರೂ ಎಡವುತ್ತಾರೆ. ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು. 10 ಅಂದರೆ ಸಣ್ಣದು, 4 ಅಂದರೆ ಅದಕ್ಕಿಂತ ದೊಡ್ಡದು. ಗೆಂಡೆ, ರೋಹು ಹಿಡಿಯಲು 6 ತೆಗೆದುಕೊಳ್ಳಿ. ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡು, ಬಿಸಾಕಿ. ಗೀರು ಬಿದ್ದರೆ ಚೂಪಾಗಿದೆ.

ಈಗ ಎರೆ. ರಾಗಿ ಮುದ್ದೆ ಕಾವೇರಿ ಸೀಮೆಯ ಹಳೇ ಎರೆ. ಬಿಳಿ ಮೀನು, ಅಂದರೆ ಮಹಶೀರ್ ಹಿಡಿಯುತ್ತಿದ್ದವರು ಇದನ್ನೇ ನಂಬಿದ್ದರು. ಆ ಮೀನು ಈಗ ಅಳಿವಿನ ಅಂಚಿನಲ್ಲಿದೆ, ಅದರ ತಂಟೆಗೆ ಹೋಗಬೇಡಿ. ಕೆರೆ ಗೆಂಡೆಗೂ ಮುದ್ದೆ ಅಷ್ಟೇ ಇಷ್ಟ.

ಊಟದ ಮುದ್ದೆ ನಡೆಯುವುದಿಲ್ಲ, ತುಂಬಾ ಮೆತ್ತಗಿರುತ್ತದೆ. ಎರಡು ಲೋಟ ರಾಗಿ ಹಿಟ್ಟಿಗೆ ಸ್ವಲ್ಪಸ್ವಲ್ಪವೇ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಕುದಿಯುವ ನೀರಿಗೆ ಬಿಡಿ. ಇಪ್ಪತ್ತು ನಿಮಿಷ ಬೇಯಲಿ. ಒಂದನ್ನು ಮುರಿದು ನೋಡಿ. ನಡುವೆ ಬಿಳಿಚಿಕೊಂಡ ಹಸಿ ಹಿಟ್ಟು ಕಂಡರೆ ಇನ್ನೂ ಐದು ನಿಮಿಷ ಬೇಕು. ಇಲ್ಲಿ ಅವಸರ ಮಾಡಿದರೆ ಮುಂದೆ ಏನು ಮಾಡಿದರೂ ಉಂಡೆ ನಿಲ್ಲುವುದಿಲ್ಲ.

ಬಿಸಿ ಇರುವಾಗಲೇ ನಾದಬೇಕು. ಕೈ ಒದ್ದೆ ಮಾಡಿಕೊಂಡು, ಅಂಗೈ ಬುಡದಿಂದ ಒತ್ತಿ ಒತ್ತಿ ಹತ್ತು ನಿಮಿಷ. ನಾದುತ್ತಲೇ ಅರ್ಧ ಲೋಟ ಕಡಲೆಕಾಯಿ ಹಿಂಡಿ ಪುಡಿ ಸೇರಿಸಿ. ಮೀನನ್ನು ಕರೆಯುವುದು ಅದರ ವಾಸನೆ. ಅಂಗಡಿಯ ಬಣ್ಣದ ಎಸೆನ್ಸ್ ಪುಡಿ ನನಗಂತೂ ಬೇಡ, ಹಿಂಡಿಯಷ್ಟು ಕೆಲಸ ಅದು ಮಾಡಿದ್ದು ನಾನು ನೋಡಿಲ್ಲ. ಮೊದಲು ಬಿರುಕು ಬಿಡುತ್ತಿದ್ದ ಮುದ್ದೆ ಆಮೇಲೆ ನುಣ್ಣಗಾಗಿ, ಬೆರಳಿಗೆ ಅಂಟದೆ ಬಿಟ್ಟುಕೊಳ್ಳುತ್ತದೆ. ಆಗ ನಿಲ್ಲಿಸಿ.

ಮನೆಯಲ್ಲೇ ಪರೀಕ್ಷೆ ಮಾಡಿ. ಗೋಲಿ ಗಾತ್ರದ ಉಂಡೆಯನ್ನು ಗಾಳಕ್ಕೆ ಕಟ್ಟಿ ಒಂದು ಮಗ್ ನೀರಿನಲ್ಲಿ ಇಳಿಬಿಡಿ. ಐದು ನಿಮಿಷಕ್ಕೇ ಕರಗಿದರೆ ಒಣ ಹಿಟ್ಟು ಹಾಕಿ ಮತ್ತೆ ನಾದಿ. ಕಾಲು ಗಂಟೆ ಆದ ಮೇಲೆ ಮೇಲ್ಮೈ ಸ್ವಲ್ಪ ಮೆತ್ತಗಾಗಿ, ಒಳಗೆ ಗಟ್ಟಿಯಾಗಿ ಉಳಿದಿದ್ದರೆ ಸರಿಯಾಗಿದೆ. ಕಲ್ಲಿನಂತಾದರೂ ಕಷ್ಟ, ಮೀನು ಕಚ್ಚಿದಾಗ ಗಾಳದ ಮೊನೆ ಹೊರಗೆ ಬರುವುದಿಲ್ಲ. ಕಟ್ಟುವಾಗಲೂ ಮೊನೆ ಒಂದು ಚೂರು ಕಾಣುವಂತೆ ಬಿಡಿ.

ಬೆಂಡಿನಿಂದ ಗಾಳ ಎಷ್ಟು ಕೆಳಗೆ ಇಳಿಯಬೇಕು ಅನ್ನುವುದನ್ನು ಮೀನು ನೋಡಿ ಇಡಿ. ಕಾಟ್ಲಾ ಮೇಲೆ ಮೇಯುತ್ತದೆ, ರೋಹು ನಡುನೀರಿನಲ್ಲಿ, ಗೆಂಡೆ ಮತ್ತು ಮೃಗಾಲ್ ತಳದಲ್ಲಿ. ಗೆಂಡೆ ಬೇಕಾದರೆ ಮುದ್ದೆ ನೆಲ ಮುಟ್ಟಬೇಕು. ಎರೆಹುಳು ಹಾಕಿದರೂ ಬರುತ್ತದೆ, ಆದರೆ ಚಿಕ್ಕ ಮೀನುಗಳ ಕಾಟ ಜಾಸ್ತಿ.

ಜೋರಾಗಿ ಬೀಸಬೇಡಿ, ತೊಟ್ಟಿಲು ತೂಗಿದ ಹಾಗೆ ಹಗುರವಾಗಿ ಬಿಡಿ. ಬೆಂಡು ಕುಣಿದರೆ ಎಳೆಯಬೇಡಿ, ಅದು ಮರಿಗಳ ಕೆಲಸ. ಓರೆಯಾಗಿ ಜಾರಿ ಮುಳುಗಿದಾಗ ರಾಡು ಎತ್ತಿ. ಉಳಿದ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ, ಸಂಜೆವರೆಗೂ ಬರುತ್ತದೆ.