ಹತ್ತು ಲೋಟಕ್ಕೆ ಎರಡು ಸಣ್ಣ ಫಿಲ್ಟರ್: ನನ್ನ ಅನುಭವ

ಬೆಳಿಗ್ಗೆ ಆರೂವರೆಗೆ ಹತ್ತು ಲೋಟ ಕಾಫಿ ಒಟ್ಟಿಗೆ ಆಗಬೇಕು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟು ಹೋದರೂ ನಿಲ್ಲಬಾರದು, ಚಿಕೋರಿ ಇರಲೇಬೇಕು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ಇದಕ್ಕಿಂತ ಹೆಚ್ಚಿನ ಬೇಡಿಕೆ ಏನೂ ಇಲ್ಲ. ಆದರೆ ಈ ಮೂರನ್ನೂ ಒಟ್ಟಿಗೆ ಕೊಡುವ ಸಾಧನ ಸಿಗುವಾಗ ಹತ್ತು ಸಾವಿರದ ಮೇಲೆ ಖರ್ಚಾಗಿತ್ತು. ಕೊನೆಗೆ ಗೆದ್ದದ್ದು ಜೋಡಿಗೆ ಸುಮಾರು 900 ರೂಪಾಯಿಯ ಎರಡು ಸಣ್ಣ ಸ್ಟೀಲ್ ಫಿಲ್ಟರ್. "ಹತ್ತು ಜನಕ್ಕೆ ಅದೆಲ್ಲಿ ಸಾಕು, ಮೆಷಿನ್ ತೆಗೆದುಕೊಳ್ಳಿ" ಎಂದವರ ಮನೆಗಳಲ್ಲೂ ಈಗ ಅದೇ ಜೋಡಿ ಇಳಿಯುತ್ತಿದೆ.

ಮೊದಲು ಸೋತದ್ದು ಎಲೆಕ್ಟ್ರಿಕ್ ಡ್ರಿಪ್ ಮೇಕರ್, 2,800ರ ಆಸುಪಾಸು. ಚಿಕೋರಿ ನೀರಿಗೆ ಬಿದ್ದ ಕೂಡಲೇ ಉಬ್ಬಿ ಅಂಟಾಗುತ್ತದೆ. ಪೇಪರ್ ಫಿಲ್ಟರ್ ಕಟ್ಟಿ, ಬುಟ್ಟಿ ತುಂಬಿ, ಪುಡಿಸಮೇತ ಹೊರಗೆ ಚೆಲ್ಲುತ್ತದೆ. ಚಿಕೋರಿ ಬಿಟ್ಟು ನೋಡಿದರೂ ಮಳೆಗಾಲದಲ್ಲಿ ಕಾಫಿ ನೀರು ನೀರು. ಕಾರಣ ವೋಲ್ಟೇಜ್. 230 ಇರಬೇಕಾದಲ್ಲಿ 180ಕ್ಕೆ ಇಳಿದರೆ ಹೀಟರಿನ ಶಕ್ತಿ ನೂರಕ್ಕೆ ಅರುವತ್ತರಷ್ಟೇ ಉಳಿಯುತ್ತದೆ; 800 ವಾಟ್‌ನ ಮೆಷಿನ್ 500 ವಾಟ್ ಕೂಡ ಕೊಡುವುದಿಲ್ಲ. ಇನ್ವರ್ಟರಿಗೆ ಹಾಕುವ ಆಲೋಚನೆ ಬೇಡ, ಮನೆಯಲ್ಲಿರುವ 850 ವಿಎ ಪೆಟ್ಟಿಗೆ ಲೈಟು, ಫ್ಯಾನಿನ ಮೇಲೆ ಇದನ್ನೂ ಹೊರುವುದಿಲ್ಲ.

ಪಂಪ್ ಇರುವ ಎಸ್ಪ್ರೆಸೊ ಮೆಷಿನ್ ಆರು ಸಾವಿರ ಚಿಲ್ಲರೆ. ಚಿಕೋರಿ ಇಲ್ಲದ ಶುದ್ಧ ಕಾಫಿಗೆ ಅದು ಒಳ್ಳೆಯ ಯಂತ್ರವೇ. ಆದರೆ ಒಂದು ಸಲಕ್ಕೆ ಒಂದೆರಡು ಲೋಟ. ಹತ್ತನೆಯದು ಬರುವಾಗ ಮೊದಲನೆಯದು ತಣಿದಿರುತ್ತದೆ.

ಒಲೆಯ ಮೇಲಿಟ್ಟು ಹಬೆಯ ಒತ್ತಡದಲ್ಲಿ ಕಾಫಿ ಮೇಲೇರಿಸುವ ಮೋಕಾ ಪಾಟ್ ಬಗ್ಗೆ ಗೌರವವಿದೆ. ಇಬ್ಬರೇ ಇರುವ, ಚಿಕೋರಿ ಬೇಡದ ಮನೆಗೆ ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ಕೊಳ್ಳುವಾಗ ಮಾತ್ರ "ಆರು ಕಪ್" ಎಂಬುದನ್ನು ಲೋಟವೆಂದು ಓದಬೇಡಿ, ಅದು ಪುಟ್ಟ ಎಸ್ಪ್ರೆಸೊ ಕಪ್, ಒಟ್ಟು 300 ಮಿ.ಲೀ. ಒಳಗೆ. ಅಲ್ಯೂಮಿನಿಯಂನದು ಇಂಡಕ್ಷನ್‌ನಲ್ಲಿ ಕಾಯುವುದಿಲ್ಲ. ಗ್ಯಾಸಿನಲ್ಲೂ ತಳ ಸಣ್ಣದಾಗಿ ಓಲಾಡುತ್ತದೆ, ಒಲೆಯ ಮೇಲೊಂದು ಕಬ್ಬಿಣದ ಜಾಲರಿ ಬೇಕು. ನೀರು ಸೇಫ್ಟಿ ವಾಲ್ವಿನ ಕೆಳಗೇ ಇರಲಿ, ಪುಡಿಯನ್ನು ಒತ್ತಬೇಡಿ.

ಇನ್ನು ಫಿಲ್ಟರ್. ದೊಡ್ಡದೊಂದನ್ನು ತಂದು 100 ಗ್ರಾಂ ಪುಡಿ ಹಾಕಿದರೆ ಪದರ ಒಂದೂವರೆ ಇಂಚು ದಾಟುತ್ತದೆ. ಗಂಟೆ ಕಳೆದರೂ ಮೇಲೆ ನೀರು ನಿಂತೇ ಇರುತ್ತದೆ. ಅದೇ ಪುಡಿಯನ್ನು ಎರಡು ಸಣ್ಣ ಫಿಲ್ಟರಿಗೆ ಹಂಚಿದರೆ ಪದರ ತೆಳು, ತಳದ ತೂತುಗಳ ಒಟ್ಟು ವಿಸ್ತಾರ ಹೆಚ್ಚು. ಇಳಿಯುವ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಈ ಲೆಕ್ಕ ಹೊಳೆದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು.

ಒಂದೊಂದಕ್ಕೆ 50 ಗ್ರಾಂ ಪುಡಿ, ಚಿಕೋರಿ ನೂರಕ್ಕೆ ಇಪ್ಪತ್ತು. ಫಿಲ್ಟರನ್ನು ಮೊದಲು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಪುಡಿ ಹಾಕಿ ಮಟ್ಟ ಮಾಡಿ. ಕೊಡೆಯನ್ನು (ಹಿಡಿಯಿರುವ ತೂತಿನ ತಟ್ಟೆ) ಮೇಲೆ ಇಟ್ಟರೆ ಸಾಕು, ಅದುಮಿದರೆ ಕಟ್ಟುತ್ತದೆ. ಕುದಿ ಬಂದ ನೀರನ್ನು ಅರೆ ನಿಮಿಷ ಬಿಟ್ಟು ಮೊದಲು 150 ಮಿ.ಲೀ., ಅದು ಇಳಿದ ಮೇಲೆ ಇನ್ನೊಂದು 150. ಪುಡಿ ಸುಮಾರು ನೂರನ್ನು ಕುಡಿದುಬಿಡುತ್ತದೆ. ಇಳಿಯುವ ಡಿಕಾಕ್ಷನ್ 200. ಎರಡೂ ಸೇರಿ 400, ಲೋಟಕ್ಕೆ 40ರಂತೆ ಹತ್ತು ಲೋಟ. ಸಮಯ ಇಪ್ಪತ್ತೈದು ನಿಮಿಷ.

ಹನಿ ನಡುವೆ ನಿಂತರೆ ಎಲ್ಲರೂ ಪುಡಿಯನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಗಾಳಿಯದ್ದು. ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂತಾಗ ಒಳಗಿನ ಗಾಳಿಗೆ ದಾರಿ ಇಲ್ಲ. ಸ್ವಲ್ಪ ತಿರುಗಿಸಿ ಸಡಿಲಿಸಿ, ಹನಿ ಮತ್ತೆ ಶುರುವಾಗುತ್ತದೆ. ವಾರವಾರ ನಿಧಾನವಾಗುತ್ತ ಬಂದರೆ ಮಾತ್ರ ತೂತಿನಲ್ಲಿ ಕಾಫಿ ಎಣ್ಣೆ ಹಿಡಿದಿದೆ ಎಂದರ್ಥ. ಬರಿ ಮೇಲಿನ ಪಾತ್ರೆಯನ್ನು ಇಕ್ಕುಳದಲ್ಲಿ ಹಿಡಿದು ತಳವನ್ನು ಗ್ಯಾಸಿನ ಉರಿಗೆ ಒಂದು ನಿಮಿಷ ತೋರಿಸಿ, ತಣಿದ ಮೇಲೆ ಉಜ್ಜಿ.

ಹಿತ್ತಾಳೆಯದ್ದು ಚಂದ, ಬಿಸಿಯೂ ನಿಲ್ಲುತ್ತದೆ. ಆದರೆ ಕಲಾಯಿ ಸವೆದರೆ ಡಿಕಾಕ್ಷನ್ನಿನ ಹುಳಿ ಲೋಹವನ್ನು ಹಿಡಿಯುತ್ತದೆ, ಕಲಾಯಿ ಹಾಕುವವರು ಈಗ ಊರಿಗೆ ಬರುವುದೇ ಅಪರೂಪ. ಹಾಗಾಗಿ ಸ್ಟೀಲು. ಬಿಸಿ ನಿಲ್ಲಲು ಎರಡೂ ಫಿಲ್ಟರನ್ನು ಅಗಲದ ಪಾತ್ರೆಯೊಳಗೆ ಎರಡು ಬೆರಳು ಬಿಸಿನೀರಿನಲ್ಲಿ ಕೂರಿಸುತ್ತೇನೆ. ಡಿಕಾಕ್ಷನ್ನನ್ನು ಮತ್ತೆ ಒಲೆಗೆ ಇಡುವ ಪ್ರಮೇಯವಿಲ್ಲ, ಇಟ್ಟರೆ ಕಹಿ.

ನಡುವೆ ನೀರನ್ನೂ ಪರೀಕ್ಷಿಸಿದ್ದೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿನಲ್ಲಿ ಕಾಫಿಯ ಘಮ ಎದ್ದು ಕಾಣುತ್ತದೆ. ಕಬ್ಬಿಣದಂಶವಿದ್ದ ಒಂದು ಬೋರ್‌ವೆಲ್ಲಿನ ನೀರಿನಲ್ಲಿ ಬಣ್ಣ ಕಪ್ಪಾಗಿ ರುಚಿ ಸತ್ತಿತು. ಅದಕ್ಕೆ ಹೊಸ ಮೆಷಿನ್ ಹುಡುಕಿದರೆ ಪ್ರಯೋಜನವಿಲ್ಲ.

ಪುಡಿಯನ್ನು ಪುತ್ತೂರಿನಿಂದ 250 ಗ್ರಾಂನ ಪೊಟ್ಟಣಗಳಲ್ಲಿ ತರುವುದು. ಮಳೆಗಾಲದಲ್ಲಿ ಅದಕ್ಕಿಂತ ದೊಡ್ಡ ಪೊಟ್ಟಣ ತಂದರೆ ತೇವ ಹಿಡಿದು ಗಂಟಾಗುತ್ತದೆ. ಅರೇಬಿಕಾ, ರೊಬಸ್ಟಾ ಎರಡೂ ಬೇಕು, ಪ್ರಮಾಣ ನನ್ನಲ್ಲೇ ಇರಲಿ. ಮೊದಲ ನೀರಿಗೆ ಮುಂಚೆ ಪುಡಿಗೆ ಮಾಡುವ ಇನ್ನೊಂದು ಕೆಲಸವೂ ಇದೆ; ಅದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.