ಪೊಲೀಸರು ಮನೆಗೆ ಬಂದರೆ ಮೊದಲು ಟೈಮ್ ನೋಡಿ

ಹೌದು, ಮೊದಲು ಟೈಮ್ ನೋಡಿ. ಸಂವಿಧಾನದ 22ನೇ ವಿಧಿಯ ಪ್ರಕಾರ, ಬಂಧಿಸಿದವರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತು ಮಾತ್ರ ಇದರಲ್ಲಿ ಸೇರುವುದಿಲ್ಲ. ಭಾನುವಾರ, ಹಬ್ಬ ಅನ್ನುವ ನೆಪ ನಡೆಯುವುದಿಲ್ಲ. ರಜಾದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. (ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನಕ್ಕೆ ನಿಯಮ ಬೇರೆ.)

ಹಳೇ ಹುಬ್ಬಳ್ಳಿಯ ಒಂದು ಓಣಿಯಿಂದ ರಾತ್ರಿ 11ಕ್ಕೆ ಹುಡುಗನನ್ನು ಕರೆದೊಯ್ದರು ಅಂದುಕೊಳ್ಳಿ. ಕಾಗದದಲ್ಲಿ ಬಂಧಿಸಿದ್ದು ಮರುದಿನ ಮಧ್ಯಾಹ್ನ 3 ಗಂಟೆಗೆ ಅಂತ ಬರೆದರೆ 16 ಗಂಟೆ ಮಾಯ. ಆದರೆ ಅವನ ಅವ್ವ ಆಗಲೇ ತಮ್ಮನಿಗೆ ‘ಈಗ ಕರ್ಕೊಂಡು ಹೋದ್ರು’ ಅಂತ ಒಂದು ವಾಟ್ಸ್ಆ್ಯಪ್ ಮೆಸೇಜ್ ಹಾಕಿದ್ದರೆ? ಆ ಮೆಸೇಜಿನ ಕೆಳಗೇ ಟೈಮ್ ಇರುತ್ತದೆ.

ಎರಡನೆಯದು, ಬಂದವರು ಯಾರು, ಯಾಕೆ ಬಂದರು ಅಂತ ಕೇಳಿ. ‘ಸಾಹೇಬ್ರ, ಯಾವ ಠಾಣೆ? ಯಾವ ಕೇಸು?’ ಅಂತ ಮೆತ್ತಗೆ ಕೇಳಿದರೆ ತಪ್ಪಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು) ಪ್ರಕಾರ ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕು. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅದರಿಂದ ನಿಮ್ಮ ಮೇಲೇ ಇನ್ನೊಂದು ಕೇಸು ಬೀಳಬಹುದು. ವಾರಂಟ್ ಇಲ್ಲದೆ ಬಂಧಿಸುವ, ಹುಡುಕುವ ಅಧಿಕಾರ ಕೆಲವು ಸಂದರ್ಭಗಳಲ್ಲಿ ಪೊಲೀಸರಿಗೆ ಇದೆ. ಆದರೆ ತನಿಖೆಯ ನಡುವೆ ವಾರಂಟ್ ಇಲ್ಲದೆ ಮನೆ ಹುಡುಕುವುದಾದರೆ ಕಾರಣವನ್ನು ಮೊದಲೇ ಬರೆದಿಡಬೇಕು.

ಹುಡುಕಾಟ ಶುರುವಾದರೆ ಜೊತೆಗೇ ಇರಿ. ಅದೇ ಪ್ರದೇಶದ ಕನಿಷ್ಠ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು ಬೇಕು. ವಿಡಿಯೊ ಚಿತ್ರೀಕರಣವೂ ಈಗ ಕಡ್ಡಾಯ, ಅದಕ್ಕೆ ಮೊಬೈಲ್ ಆದರೂ ಸಾಕು. ಆ ವಿಡಿಯೊ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಒಯ್ದ ವಸ್ತುಗಳ ಪಟ್ಟಿಯ ಪ್ರತಿ ನಿಮ್ಮ ಕೈಗೆ ಬರಬೇಕು. ಫೋನ್ ಒಯ್ದರೆ ‘ಒಂದು ಮೊಬೈಲ್’ ಅಂತ ಬರೆದರೆ ಸಾಲದು. ಕಂಪನಿ, ಬಣ್ಣ, ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ಬರೆಸಿ.

ಪಂಚರಾಗಿ ಹೋಗುವವರಿಗೂ ಒಂದು ಮಾತು. ಕೆಲ ವರ್ಷಗಳ ಹಿಂದೆ ನಮ್ಮ ಓಣಿಯ ಮನೆಯೊಂದಕ್ಕೆ ನನ್ನನ್ನು ಕರೆದರು. ಪಂಚನಾಮೆಯ ಹಾಳೆ ಅರ್ಧ ಖಾಲಿ ಇತ್ತು. ‘ಸಹಿ ಹಾಕ್ರಿ, ಆಮೇಲೆ ತುಂಬ್ಕೋತೀವಿ’ ಅಂದರು. ಹಾಕಿ ಬಂದೆ. ಆ ಮನೆಯ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಇವತ್ತಿಗೂ ಅದು ಚುಚ್ಚುತ್ತದೆ. ನೀವು ಹಾಗೆ ಮಾಡಬೇಡಿ. ಪೂರ್ತಿ ಓದಿ, ಖಾಲಿ ಜಾಗಕ್ಕೆ ಗೀಟು ಎಳೆದು, ಆಮೇಲೆ ಸಹಿ ಹಾಕಿ. ಹುಡುಕಾಟದಲ್ಲಿ ತಪ್ಪು ನಡೆದಿದೆ ಅಂದ ಮಾತ್ರಕ್ಕೆ ಸಿಕ್ಕಿದ ವಸ್ತುವಿನ ಸಾಕ್ಷ್ಯ ನಮ್ಮ ಕೋರ್ಟುಗಳಲ್ಲಿ ತಾನಾಗಿ ಬಿದ್ದುಹೋಗುವುದಿಲ್ಲ. ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲೇ ಇದನ್ನು ಹೇಳಿದೆ. ಅದಕ್ಕೇ ಆ ಹಾಳೆಯ ಬಗ್ಗೆ ಇಷ್ಟು ಹೇಳುತ್ತಿದ್ದೇನೆ.

ಬಂಧನ ಅಂತಾದರೆ ಬಂಧನದ ಮೆಮೊ ಕೇಳಿ. ಅದರಲ್ಲಿ ದಿನಾಂಕ, ಸಮಯ ಇರಬೇಕು. ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿಯೂ ಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹಾಕಿಕೊಟ್ಟ ಪದ್ಧತಿ ಇದು. ಬಂಧನಕ್ಕೆ ಕಾರಣ ಏನು ಅನ್ನುವುದನ್ನೂ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು. ಕನ್ನಡದಲ್ಲೇ ಕೇಳಿ. ಸಣ್ಣ ಕೇಸಾದರೆ ಬಂಧನದ ಬದಲು ಠಾಣೆಗೆ ಬರಲು ನೋಟಿಸ್ ಕೊಡುವುದೂ ಉಂಟು. ಕೊಟ್ಟರೆ ತಪ್ಪದೆ ಹೋಗಿ.

ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ ಬಂಧಿಸುವಂತಿಲ್ಲ. ತೀರಾ ವಿಶೇಷ ಕಾರಣವಿದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರಿಂದ ಮೊದಲೇ ಅನುಮತಿ ಪಡೆಯಬೇಕು.

ಠಾಣೆಯಲ್ಲಿ ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ, 20ನೇ ವಿಧಿ ಇದೆ. ವಕೀಲರನ್ನು ಕಾಣುವ ಹಕ್ಕಿದೆ. ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಿ, ಗಾಯ ತೋರಿಸಿ.

24 ಗಂಟೆ ಕಳೆದರೂ ಕೋರ್ಟಿಗೆ ತರದಿದ್ದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿ) ಹಾಕಬಹುದು. ಗದಗ, ಹಾವೇರಿಯವರೂ ಇದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. 2013ರಿಂದ ಧಾರವಾಡದಲ್ಲೇ ಕಾಯಂ ಪೀಠವಿದೆ. ಅರ್ಜಿ ಬರೆಯಲು ಕೂತ ವಕೀಲರು ಅವ್ವನನ್ನು ಮೊದಲು ಕೇಳುವುದು, ಎಷ್ಟು ಗಂಟೆಗೆ ಕರ್ಕೊಂಡು ಹೋದ್ರು ಅಂತ.